ಫೆಲೋಶಿಪ್‌ಗೆ ಕಾಯಲೋ, ಕೆಲಸಕ್ಕೆ ಸೇರಲೋ? ಸಸ್ಟೈನಬಿಲಿಟಿ ಸಂಶೋಧನೆ ಮಾಡಿದವರು ದಯವಿಟ್ಟು ಹೇಳಿ

ರಾಗಿಹೊಲ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ಮೂರು ಕೋಲಾರ ತಾಲ್ಲೂಕಿನ ನರಸಾಪುರದ ಕಡೆ. ಬೆಂಗಳೂರಿನಲ್ಲಿ ಪರಿಸರ ವಿಜ್ಞಾನ ಎಂಎಸ್ಸಿ ಮುಗಿಸಿದೆ. ಈ ಸಲ ಯುಜಿಸಿ ನೆಟ್ ಅರ್ಹತಾ ಪರೀಕ್ಷೆ ಬರೆದೆ. ಅಸಿಸ್ಟೆಂಟ್ ಪ್ರೊಫೆಸರ್ ಮತ್ತು ಪಿಎಚ್‌ಡಿ ಪ್ರವೇಶದ ಪಟ್ಟಿಯಲ್ಲಿ ಹೆಸರು ಬಂತು. ಪಿಎಚ್‌ಡಿ ಮಾಡುವಾಗ ತಿಂಗಳಿಗಿಷ್ಟು ಅಂತ ದುಡ್ಡು ಬರುವ ಜೆಆರ್‌ಎಫ್ ಫೆಲೋಶಿಪ್ ಸ್ವಲ್ಪದರಲ್ಲಿ ತಪ್ಪಿತು. ಅಂದರೆ ಪಿಎಚ್‌ಡಿಗೆ ಸೇರಬಹುದು, ತಿಂಗಳ ದುಡ್ಡು ಮಾತ್ರ ಇಲ್ಲ.

ಇದೇ ಹೊತ್ತಿಗೆ ವೈಟ್‌ಫೀಲ್ಡ್‌ನ ಒಂದು ಕಂಪನಿಯಿಂದ ಕೆಲಸದ ಆಫರ್ ಬಂದಿದೆ. ಕಂಪನಿಗಳಿಗೆ ಪರಿಸರ ವರದಿ ತಯಾರಿಸಿ ಕೊಡುವ ಕೆಲಸ. ಅಮ್ಮ ಸೇರಿಕೋ ಅನ್ನುತ್ತಾರೆ. ಅಪ್ಪ ಏನೂ ಹೇಳುತ್ತಿಲ್ಲ.

ನನಗೆ ಸಂಶೋಧನೆಯೇ ಯಾಕೆ ಬೇಕು ಅಂತ ಹೇಳಿಬಿಡುತ್ತೇನೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ನಾನು ಪಿಯುಸಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ಯೋಜನೆ ಅದು. ಊರಿಗೆ ಊರೇ ನೋಡಲು ಹೋಗಿತ್ತು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡು ಹೈಕೋರ್ಟ್ ತಡೆ ಕೊಟ್ಟಿತು. ಆಮೇಲೆ ತಡೆ ತೆರವಾಯಿತು, ನೀರು ಮತ್ತೆ ಹರಿಯಿತು. ನಮ್ಮ ತೋಟದ ತೆರೆದ ಬಾವಿ ನಾನು ಹುಟ್ಟಿದಾಗಿನಿಂದ ಒಣಗಿಯೇ ಇತ್ತು. ಅದರಲ್ಲಿ ನೀರು ಕಂಡ ದಿನ ಅಜ್ಜಿ ಅರಿಶಿನ ಕುಂಕುಮ ಹಾಕಿ ಕೈ ಮುಗಿದರು.

ನನ್ನ ಪ್ರಶ್ನೆಗಳು ಅಲ್ಲಿಂದಲೇ ಶುರುವಾದವು. ಆ ನೀರಿನಲ್ಲಿ ಏನೇನು ಇದೆ? ಸೊಪ್ಪಿಗೆ, ಟೊಮೇಟೊಗೆ ಏನು ಸೇರುತ್ತಿದೆ? ನೀರು ಸಿಕ್ಕಿತು ಅಂತ ಅಪ್ಪ ರಾಗಿ ಬಿಟ್ಟು ತರಕಾರಿ ಹಾಕಿದ್ದಾರೆ. ನಾಳೆ ಬೆಂಗಳೂರು ತನ್ನ ನೀರನ್ನು ತಾನೇ ಇಟ್ಟುಕೊಂಡರೆ ನಮ್ಮ ಗತಿ ಏನು?

ಇದು ಸಂಶೋಧನೆಯ ವಿಷಯ ಆಗುತ್ತಾ? ಆದರೆ ಎಲ್ಲಿ, ಯಾವ ಫೆಲೋಶಿಪ್‌ನಲ್ಲಿ ಮಾಡಬಹುದು?

ಜಕ್ಕೂರು ದಂಡೆ

ನಿಮ್ಮ ಮೂರನೇ ಪ್ರಶ್ನೆ ಓದಿ ಸುಮ್ನೆ ಕೂರಲು ಆಗಲಿಲ್ಲ. ಇರುವ ನೀರು, ಮಣ್ಣು ನಾಳೆಗೂ ಉಳಿಯುತ್ತಾ ಅಂತ ಕೇಳುವ ಸಸ್ಟೈನಬಿಲಿಟಿ ಸೈನ್ಸ್ ಅಂದರೆ ಇದೇ. ನಾನು ನಗರದ ಕೆರೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ, ನಾಲ್ಕನೇ ವರ್ಷ.

ಒಂದು ಉದಾಹರಣೆ ಹೇಳುತ್ತೇನೆ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟುವ ಹೊಳೆ. 1930ರ ದಶಕದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ಒಂದು ಕಾಲಕ್ಕೆ ಬೆಂಗಳೂರಿಗೆ ನೀರು ಕೊಡುತ್ತಿತ್ತು. ಆಮೇಲೆ ಒಳಹರಿವು ಇಳಿಯುತ್ತಾ ಹೋಯಿತು. ಮಳೆ ಕಡಿಮೆ ಆಗಿದೆ ಅಂತ ಎಲ್ಲರೂ ಹೇಳುತ್ತಿದ್ದರು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೆಲೆ ಮತ್ತು ಜೊತೆಗಾರರು ಒಂದೊಂದೇ ಕಾರಣವನ್ನು ಎದುರಿಗಿಟ್ಟುಕೊಂಡು ಪರೀಕ್ಷೆ ಮಾಡಿದರು. ಮಳೆಯಾ? ಬಿಸಿಲಾ? ಚೆಕ್ ಡ್ಯಾಂಗಳಾ? ಬೋರ್‌ವೆಲ್ಲಾ? ನೀಲಗಿರಿ ತೋಪುಗಳಾ? 2015ರಲ್ಲಿ ಅದು ಪ್ರಕಟವಾಯಿತು. ಮಳೆ, ಬಿಸಿಲು ಮುಖ್ಯ ಕಾರಣ ಅಲ್ಲ. ಅಂತರ್ಜಲವನ್ನು ಎತ್ತಿದ್ದು ಮತ್ತು ನೀಲಗಿರಿ ಹಬ್ಬಿದ್ದು ದೊಡ್ಡ ಕಾರಣ, ಹಳ್ಳಕ್ಕೆ ಹಾಕಿದ ಅಡ್ಡಗಟ್ಟೆಗಳದ್ದು ಅದಕ್ಕಿಂತ ಕಡಿಮೆ ಪಾಲು ಅಂತ ಹೊರಬಂತು. ಸರಿಯಾದ ದಾಖಲೆಗಳೇ ಇಲ್ಲದ ಜಾಗದಲ್ಲಿ ಹೀಗೆ ಕೆಲಸ ಮಾಡಬಹುದು ಅಂತ ನನಗೆ ಧೈರ್ಯ ಬಂದಿದ್ದು ಅದನ್ನು ಓದಿದ ಮೇಲೆ.

ನಿಮ್ಮ ವಿಷಯದಲ್ಲೂ ಕೆಲಸ ಆಗಿದೆ. ಕೆ.ಸಿ. ವ್ಯಾಲಿ ನೀರು ಬಂದ ಕಡೆ ಅಂತರ್ಜಲ ಮೇಲೆ ಬಂದಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಸಂಶೋಧಕರು ಅಳೆದು ತೋರಿಸಿದ್ದಾರೆ. ಅದನ್ನು ಮೊದಲು ಹುಡುಕಿ ಓದಿ. ಅವರು ಎಲ್ಲಿ ನಿಲ್ಲಿಸಿದ್ದಾರೋ ಅಲ್ಲಿಂದ ನಿಮ್ಮದು ಶುರು.

ಇನ್ನು ಜಾಗ. ನಮ್ಮ ಬೆಂಗಳೂರಿನಲ್ಲಿ ಇದಕ್ಕೆ ಬಾಗಿಲು ಜಾಸ್ತಿ ಇವೆ. ಐಐಎಸ್‌ಸಿಯಲ್ಲಿ ಪರಿಸರ ವಿಜ್ಞಾನ ಕೇಂದ್ರ, ಸಸ್ಟೈನಬಲ್ ಟೆಕ್ನಾಲಜೀಸ್ ಕೇಂದ್ರ, ದಿವೇಚಾ ಹವಾಮಾನ ಕೇಂದ್ರ, ನೀರಿನ ಸಂಶೋಧನೆಗೇ ಒಂದು ಕೇಂದ್ರ ಇವೆ. ಜಕ್ಕೂರು ಬಳಿಯ ಏಟ್ರೀಯಲ್ಲಿ ಸಂರಕ್ಷಣೆ ಮತ್ತು ಸಸ್ಟೈನಬಿಲಿಟಿ ವಿಷಯದಲ್ಲೇ ಪಿಎಚ್‌ಡಿ ಇದೆ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣು, ಬೆಳೆ ಕಡೆಯಿಂದ ನೋಡುವವರು ಸಿಗುತ್ತಾರೆ.

ಜೆಆರ್‌ಎಫ್ ಇಲ್ಲ ಅಂತ ಬೇಜಾರಾಗಬೇಡಿ. ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪತ್ರಿಕೆ ಇದೆ. ಆ ಅಂಕದಿಂದಲೂ ಐಐಎಸ್‌ಸಿಯಂಥ ಕಡೆ ಸಂದರ್ಶನಕ್ಕೆ ಕರೆ ಬರುತ್ತೆ. ಸೇರಿದರೆ ಸಂಸ್ಥೆಯೇ ಸ್ಕಾಲರ್‌ಶಿಪ್ ಕೊಡುತ್ತದೆ.

ಬೆಳ್ಳಂದೂರು ನಿವಾಸಿ

ನಾನು ಸಂಶೋಧಕ ಅಲ್ಲ. ಸಾಫ್ಟ್‌ವೇರ್ ಕೆಲಸ, ಬಿಡುವಿದ್ದಾಗ ಕೆರೆ ಗುಂಪಿನಲ್ಲಿ ಓಡಾಡುತ್ತೇನೆ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಹೊಗೆ ನಮ್ಮ ಬಾಲ್ಕನಿವರೆಗೆ ಬಂದಿತ್ತು. ಆಗಿನಿಂದ ಈ ಕಡೆ ಮನಸ್ಸು.

ತಂಗಿ, ಆ ಕೆಲಸವನ್ನು ಕೀಳಾಗಿ ನೋಡಬೇಡಿ. ಶೇರು ಮಾರುಕಟ್ಟೆಯ ಮೊದಲ 1000 ಕಂಪನಿಗಳು 2022-23ರಿಂದ ಪರಿಸರ, ಸಾಮಾಜಿಕ ಜವಾಬ್ದಾರಿಯ ವರದಿ ಕೊಡಲೇಬೇಕು ಅಂತ ಆ ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ ನಿಯಮ ಮಾಡಿದೆ. ಅದಕ್ಕೇ ಈ ಕೆಲಸಗಳು ಹುಟ್ಟಿರುವುದು. ಕಂಪನಿಗಳು ನೀರಿನ ಲೆಕ್ಕ ಹೇಗೆ ಬರೆಯುತ್ತವೆ ಅಂತ ಒಳಗಿನಿಂದ ಗೊತ್ತಾಗುತ್ತೆ. ನರಸಾಪುರದಲ್ಲೇ ಎಷ್ಟು ಕಾರ್ಖಾನೆಗಳಿವೆ! ಎರಡು ವರ್ಷ ದುಡಿದು, ಸ್ವಲ್ಪ ಹಣ ಕೂಡಿಟ್ಟು, ಆಮೇಲೆ ಸೇರಬಹುದಲ್ವಾ?

ಏಳನೇ ಸೆಮಿಸ್ಟರ್

ದುಡ್ಡಿನ ವಿಷಯ ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕೆ ನಾನು ಹೇಳುತ್ತೇನೆ.

ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷ ಆದ ಮೇಲೆ ಸಮಿತಿ ಮುಂದೆ ಕೆಲಸ ತೋರಿಸಿ ಎಸ್‌ಆರ್‌ಎಫ್ (ಅದರ ಮೇಲಿನ ಹಂತ) ಆದರೆ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಒಟ್ಟು ಐದು ವರ್ಷ. ಪ್ರೈಮ್ ಮಿನಿಸ್ಟರ್ಸ್ ರಿಸರ್ಚ್ ಫೆಲೋಶಿಪ್‌ನಲ್ಲಿ ಮೊದಲ ಎರಡು ವರ್ಷ 70,000. ಆದರೆ ಅದು ಐಐಎಸ್‌ಸಿಯಂಥ ಆಯ್ದ ಸಂಸ್ಥೆಗಳಿಗೆ ಮಾತ್ರ, ಪೈಪೋಟಿ ಜೋರು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ನಿಮಗೆ ಅನ್ವಯ ಆಗುತ್ತಾ ನೋಡಿ. ಎಂಎಸ್ಸಿಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬಂದಿದ್ದರೆ ಇನ್‌ಸ್ಪೈರ್ ಫೆಲೋಶಿಪ್ ಕೂಡ ಇದೆ.

ಈಗ ಮುಖ್ಯ ಮಾತು. ಆದೇಶದಲ್ಲಿ ಇರುವ ದುಡ್ಡು ಬೇರೆ, ಬ್ಯಾಂಕಿಗೆ ಬರುವ ದುಡ್ಡು ಬೇರೆ. ನಾನಿರುವ ವಿಶ್ವವಿದ್ಯಾಲಯದಲ್ಲಿ ಪ್ರತಿ ತಿಂಗಳೂ ಒಬ್ಬರು ಪೋರ್ಟಲ್‌ನಲ್ಲಿ ನನ್ನ ಹಾಜರಿ ಹಾಕಬೇಕು, ಇನ್ನೊಬ್ಬರು ಒಪ್ಪಬೇಕು. ಮೇಕರ್, ಚೆಕರ್ ಅನ್ನುತ್ತಾರೆ. ಒಬ್ಬರು ರಜೆ ಹೋದರೂ ನಿಂತಿತು. ನನಗೆ ಒಮ್ಮೆ ಏಳು ತಿಂಗಳು ಬರಲಿಲ್ಲ. ಪಿಜಿ ಬಾಡಿಗೆಗೆ ಅಕ್ಕನ ಬಳೆ ಅಡ ಇಟ್ಟೆವು. ಆಮೇಲೆ ಎಲ್ಲ ಒಟ್ಟಿಗೆ ಬಂತು, ಬಳೆನೂ ಬಿಡಿಸಿದೆವು. ಆದರೆ ಆ ಏಳು ತಿಂಗಳು ನಾನು ಒಂದು ಪುಟವೂ ಬರೆಯಲಿಲ್ಲ. ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಸೇರಿ.

ರಾಗಿಹೊಲ

ಏಳನೇ ಸೆಮಿಸ್ಟರ್ ಅಣ್ಣ, ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಬಳೆ ವಿಷಯ ಕೇಳಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಳೇ ಮೇಷ್ಟ್ರು

ಮಗೂ, ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದ್ದೇನೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ.

ಸಸ್ಟೈನಬಿಲಿಟಿ ಅನ್ನುವ ಪದ ಹೊಸದು, ಕೆಲಸ ಹೊಸದಲ್ಲ. 1974ರಲ್ಲಿ ಇದೇ ಬೆಂಗಳೂರಿನಲ್ಲಿ, ಐಐಎಸ್‌ಸಿಯಲ್ಲಿ, ಎ.ಕೆ.ಎನ್. ರೆಡ್ಡಿಯವರು ಅಸ್ತ್ರ ಅನ್ನುವ ಗುಂಪು ಕಟ್ಟಿದರು. ರೆಡ್ಡಿಯವರು ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಹೆಸರು ಮಾಡಿದವರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು ಸೌದೆ, ಒಲೆ, ಗೋಬರ್ ಗ್ಯಾಸ್, ಮಣ್ಣಿನ ಇಟ್ಟಿಗೆ ಅಂತ ಕೆಲಸ ಮಾಡಿದರು. ಅಸ್ತ್ರ ಒಲೆಯ ಮುಂದೆ ಅಡುಗೆ ಮಾಡಿದ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ. ಮೊದಲು ಒಂದು ವಿದ್ಯೆಯಲ್ಲಿ ಗಟ್ಟಿಯಾದರು, ಆಮೇಲೆ ಹಳ್ಳಿಗೆ ಹೋದರು. ಈ ಕ್ರಮ ನನಗೆ ಸರಿ ಕಾಣುತ್ತದೆ.

ಕಾರಣ ಇದೆ. ನಾಳೆ ಕಾಲೇಜಿನ ಹುದ್ದೆಗೆ ಅರ್ಜಿ ಹಾಕುವಾಗ ಪಿಎಚ್‌ಡಿ ಸಂಬಂಧಪಟ್ಟ ವಿಷಯದಲ್ಲಿ ಇದೆಯಾ ಅಂತ ಕೇಳುತ್ತಾರೆ. ಹಲವು ವಿಷಯ ಬೆರೆತ ಪದವಿ ನೋಡಿ ಇದು ಯಾವ ವಿಭಾಗಕ್ಕೆ ಸೇರಿದ್ದು ಅಂತ ಪರದಾಡುವ ಸಮಿತಿಗಳಲ್ಲಿ ನಾನೇ ಕೂತಿದ್ದೇನೆ. ಒಳ್ಳೆಯ ಹುಡುಗರು ಹೊರಗೆ ಉಳಿದಿದ್ದನ್ನು ನೋಡಿ ಸಂಕಟಪಟ್ಟಿದ್ದೇನೆ. ಅದಕ್ಕೇ ಪ್ರಶ್ನೆ ಎಷ್ಟು ಅಗಲವಾದರೂ ಇರಲಿ, ಪದವಿಯ ಹೆಸರು ಪರಿಸರ ವಿಜ್ಞಾನ ಅಂತ ಇದ್ದರೆ ಕ್ಷೇಮ.

ಮತ್ತೊಂದು. ಗೈಡ್ ಯಾವಾಗ ನಿವೃತ್ತಿ ಅಂತ ಮೊದಲೇ ವಿಚಾರಿಸು. 2022ರ ಯುಜಿಸಿ ನಿಯಮದಂತೆ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಪ್ರೊಫೆಸರ್ ಎಂಟು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು ಜನರಿಗೆ ಮಾತ್ರ ಗೈಡ್ ಆಗಬಹುದು. ಸೀಟು ಖಾಲಿ ಇದೆಯಾ ಅಂತ ಕೇಳಲು ನಾಚಿಕೆ ಬೇಡ.

ನಾಗರಭಾವಿ ಓದುಗ

ಮೇಷ್ಟ್ರೇ, ನಿಮ್ಮ ಮಾತಿನ ಮೇಲೆ ಗೌರವ ಇಟ್ಟುಕೊಂಡೇ ಒಂದು ವಿಷಯ ಒಪ್ಪಲಾರೆ. ಪದವಿಯ ಹೆಸರು ಇರಲಿ. ಆದರೆ ಮೊದಲು ಒಂದು ವಿದ್ಯೆ, ಆಮೇಲೆ ಹಳ್ಳಿ ಅನ್ನುವ ಕ್ರಮ ಈ ಹುಡುಗಿಗೆ ಹೊಂದುವುದಿಲ್ಲ. ಅವರು ಹಳ್ಳಿಯಿಂದಲೇ ಪ್ರಶ್ನೆ ತಂದಿದ್ದಾರೆ.

ಸಸ್ಟೈನಬಿಲಿಟಿ ಸೈನ್ಸ್ ಅನ್ನುವ ಹೆಸರು ಗಟ್ಟಿಯಾಗಿದ್ದು 2001ರಲ್ಲಿ, ರಾಬರ್ಟ್ ಕೇಟ್ಸ್ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನದಿಂದ. ನಿಸರ್ಗ ಮತ್ತು ಸಮಾಜ ಒಂದನ್ನೊಂದು ಹೇಗೆ ಬದಲಿಸುತ್ತವೆ ಅನ್ನುವುದೇ ಅಲ್ಲಿ ಮೂಲ ಪ್ರಶ್ನೆ. ಬಾವಿಯ ನೀರಿನಲ್ಲಿ ಸತು, ಸೀಸ ಎಷ್ಟಿದೆ ಅಂತ ಅಳೆದರೆ ಅರ್ಧ ಕೆಲಸ ಆಯಿತು. ನೀರು ನೋಡಿ ಅಪ್ಪ ಬೆಳೆ ಬದಲಿಸಿದರು, ಬೆಳೆ ಬದಲಾದದ್ದಕ್ಕೆ ನೀರಿನ ಖರ್ಚು ಹೆಚ್ಚಾಯಿತು, ತೂಬು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಯಾರಿಗೆ ಎಷ್ಟು ಅಂತ ನಿರ್ಧಾರ ಆಯಿತು. ಈ ಸುತ್ತನ್ನು ಬಿಡಿಸಲು ಕೆಮಿಸ್ಟ್ರಿ ಸಾಲದು. ಕೆರೆ, ಕಾಡಿನಂಥ ಎಲ್ಲರ ಆಸ್ತಿಯನ್ನು ಜನರೇ ಹೇಗೆ ನೋಡಿಕೊಳ್ಳುತ್ತಾರೆ ಅಂತ ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಂ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ಜೊತೆ ಕೆಲಸ ಮಾಡಿದ ಹರಿಣಿ ನಾಗೇಂದ್ರ ಇಲ್ಲೇ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಬೆಂಗಳೂರಿನ ಕೆರೆ, ಮರಗಳ ಮೇಲೆ ಬರೆಯುತ್ತಾ ಬಂದಿದ್ದಾರೆ.

ನಾನು ನಾಗರಭಾವಿಯ ಐಸೆಕ್ ಗ್ರಂಥಾಲಯದಲ್ಲಿ ದಿನ ಕಳೆಯುವವನು. 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆ. ಸಮಾಜ ವಿಜ್ಞಾನದ ಕಡೆಯಿಂದ ಬರುವವರಿಗೆ ಐಸಿಎಸ್ಎಸ್‌ಆರ್ ಫೆಲೋಶಿಪ್ ಇದೆ. ನಿಮಗೆ ನಾನು ಹೇಳುವುದು ಇಷ್ಟೇ: ಮುಖ್ಯ ಗೈಡ್ ನೀರು ಗೊತ್ತಿರುವವರು ಇರಲಿ, ಸಹ ಗೈಡ್ ಒಬ್ಬ ಅರ್ಥಶಾಸ್ತ್ರಜ್ಞರು ಇರಲಿ. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ.

ಹಳೇ ಮೇಷ್ಟ್ರು

ಸಹ ಗೈಡ್ ಮಾತು ಒಪ್ಪಿದೆ. ಅದು ನನಗೆ ಹೊಳೆದಿರಲಿಲ್ಲ.

ರಾಗಿಹೊಲ

ಇಬ್ಬರಿಗೂ ನಮಸ್ಕಾರ. ಒಂದು ಅನುಮಾನ. ಹೊರದೇಶದ ಫೆಲೋಶಿಪ್ ನೋಡಬೇಕಾ? ಕ್ಲಾಸ್‌ಮೇಟ್ ಒಬ್ಬಳು ಇಲ್ಲಿ ಏನೂ ಆಗಲ್ಲ, ಹೊರಗೆ ಹೋಗು ಅನ್ನುತ್ತಿದ್ದಾಳೆ.

ಜಕ್ಕೂರು ದಂಡೆ

ಹೊರಗೆ ಒಳ್ಳೆಯವು ಇವೆ. ಹಾರ್ವರ್ಡ್‌ನ ಕೆನಡಿ ಸ್ಕೂಲ್‌ನಲ್ಲಿ ವಿಲಿಯಂ ಕ್ಲಾರ್ಕ್ ಅವರ ಸಸ್ಟೈನಬಿಲಿಟಿ ಸೈನ್ಸ್ ಕಾರ್ಯಕ್ರಮ ಪಿಎಚ್‌ಡಿ ಕೊನೆಯ ಹಂತದವರಿಗೆ, ಪಿಎಚ್‌ಡಿ ಮುಗಿಸಿದವರಿಗೆ ಫೆಲೋಶಿಪ್ ಕೊಡುತ್ತಿತ್ತು. ಇಟಲಿಯ ಪರಿಸರ ಸಚಿವಾಲಯದ ನೆರವಿನಿಂದ ನಡೆದದ್ದು ಅದು. ಫುಲ್‌ಬ್ರೈಟ್-ನೆಹರು ಡಾಕ್ಟೋರಲ್ ಫೆಲೋಶಿಪ್‌ನಲ್ಲಿ ಇಲ್ಲಿ ಪಿಎಚ್‌ಡಿ ಮಾಡುತ್ತಿರುವವರು ಆರರಿಂದ ಒಂಬತ್ತು ತಿಂಗಳು ಅಮೆರಿಕದಲ್ಲಿ ಇದ್ದು ಬರಬಹುದು. ಜರ್ಮನಿಯ ಹಂಬೋಲ್ಟ್ ಪ್ರತಿಷ್ಠಾನದ ಹವಾಮಾನ ಫೆಲೋಶಿಪ್ ನಮ್ಮಂಥ ದೇಶದವರಿಗೇ ಇರುವುದು.

ಗಮನಿಸಿ, ಇವೆಲ್ಲ ನಿಮ್ಮ ಕೈಯಲ್ಲಿ ಆಗಲೇ ಒಂದು ಕೆಲಸ ಇದೆ ಅಂತ ಕೇಳುವಂಥವು. ನಿಮ್ಮ ಬಾವಿ, ಕೆರೆ, ಅಪ್ಪ ಎಲ್ಲ ಇಲ್ಲಿದ್ದಾರೆ. ಇಲ್ಲಿ ಎರಡು ಮಳೆಗಾಲದ ಲೆಕ್ಕ ಹಿಡಿದುಕೊಂಡು ಹೋದರೆ ಅಲ್ಲಿ ಕೂತು ಮಾತಾಡಲು ಏನಾದರೂ ಇರುತ್ತೆ.

ಇನ್ನೊಂದು ಮರೆತಿದ್ದೆ. ಜೆಆರ್‌ಎಫ್ ಜೊತೆ ಬರುವ ಕಂಟಿಂಜೆನ್ಸಿ, ಅಂದರೆ ಸಂಶೋಧನೆಯ ಖರ್ಚಿನ ಹಣ, ವಿಜ್ಞಾನದವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 12,000 ರೂಪಾಯಿ, ಆಮೇಲೆ 25,000. ಲೋಹಗಳ ಪರೀಕ್ಷೆಗೆ, ಓಡಾಟಕ್ಕೆ ಅದು ಏನೇನೂ ಸಾಲದು. ಹಾಗಾಗಿ ಪ್ರಾಜೆಕ್ಟ್ ಹಣ ಇರುವ, ಸ್ವಂತ ಲ್ಯಾಬ್ ಇರುವ ಗೈಡ್ ಹುಡುಕಿ. ಜೆಆರ್‌ಎಫ್ ಬರುವ ತನಕ ಅವರ ಪ್ರಾಜೆಕ್ಟ್‌ನಲ್ಲೇ ಪ್ರಾಜೆಕ್ಟ್ ಅಸೋಸಿಯೇಟ್ ಆಗಿ ಸೇರುವ ದಾರಿಯೂ ಇದೆ. ನಾನು ಹಾಗೇ ಶುರು ಮಾಡಿದ್ದು. ಕೆಲಸ ಕಲಿತಂತೆಯೂ ಆಯಿತು, ಗೈಡ್ ಎಂಥವರು ಅಂತ ಗೊತ್ತಾದಂತೆಯೂ ಆಯಿತು.

ಅವರ ಹಳೆಯ ವಿದ್ಯಾರ್ಥಿಗಳ ಹತ್ತಿರ ಮಾತಾಡದೆ ಮಾತ್ರ ಯಾರನ್ನೂ ಒಪ್ಪಬೇಡಿ.

ಕೋಡಿಹಳ್ಳ

ನಾನು ಓದಿದವನಲ್ಲ. ನರಸಾಪುರದ ಕಡೆಯವನೇ, ವ್ಯವಸಾಯ. ಮಗ ತೋರಿಸಿದ, ಅವನ ಕೈಲೇ ಬರೆಸುತ್ತಿದ್ದೇನೆ.

ಅಮ್ಮಾ, ನೀರು ಬಂದಾಗಿನಿಂದ ನಮ್ಮ ಊರಿಗೆ ಬಾಟಲಿ ಹಿಡಿದು ಬಂದವರು ಬಹಳ ಜನ. ಕೆರೆಯಿಂದ ತೆಗೆದುಕೊಂಡರು, ನನ್ನ ಬೋರ್‌ನಿಂದ ತೆಗೆದುಕೊಂಡರು, ತೋಟದ ಮಣ್ಣು ತೆಗೆದುಕೊಂಡರು. ಕಾಫಿ ಕೊಟ್ಟು ಕಳಿಸಿದ್ದೇವೆ. ಒಬ್ಬರೂ ತಿರುಗಿ ಬಂದು ನಿಮ್ಮ ನೀರು ಹೀಗಿದೆ ಅಂತ ಹೇಳಲಿಲ್ಲ. ನನ್ನ ಮೊಮ್ಮಗಳು ಆ ನೀರಿನಲ್ಲಿ ಬೆಳೆದ ಸೊಪ್ಪು ತಿನ್ನುತ್ತಾಳೆ. ನೀರು ಬೇಡ ಅಂತ ನಾನು ಹೇಳಲ್ಲ. ಸಾವಿರ ಅಡಿ ಕೊರೆಸಿ ಬರೀ ಧೂಳು ಕಂಡವನು ನಾನು. ಇದ್ದದ್ದು ಇದ್ದ ಹಾಗೆ ಹೇಳಿ ಅಂತ ಅಷ್ಟೇ.

ನೀನು ಬರುವುದಾದರೆ ವಾಪಸ್ ಬಂದು ಹೇಳುತ್ತೀಯಾ?

ರಾಗಿಹೊಲ

ಹೇಳುತ್ತೇನೆ ಮಾವ. ಕನ್ನಡದಲ್ಲಿ ಬರೆದು, ನಿಮ್ಮ ಕೈಗೇ ಕೊಡುತ್ತೇನೆ.

ನಾಗರಭಾವಿ ಓದುಗ

ಹಿರಿಯರು ಬರೆದದ್ದನ್ನು ನಾವು ಸಂಶೋಧಕರು ಎಲ್ಲರೂ ಎರಡು ಸಲ ಓದಬೇಕು. ನಾನೂ 60 ಮನೆಗಳಲ್ಲಿ ಪ್ರಶ್ನಾವಳಿ ತುಂಬಿಸಿದ್ದೇನೆ. ಎಷ್ಟು ಮನೆಗೆ ವಾಪಸ್ ಹೋಗಿದ್ದೇನೆ ಅಂತ ಕೇಳಿಕೊಂಡರೆ ಉತ್ತರ ಒಂದೂ ಇಲ್ಲ. ಈ ತಿಂಗಳ ಕೊನೆಗೆ ಹೋಗುತ್ತಿದ್ದೇನೆ.

ಎರಡು ಮಕ್ಕಳ ತಾಯಿ

ಒಂದು ಮಾತು ಸೇರಿಸುತ್ತೇನೆ. ನಾನು 33ನೇ ವಯಸ್ಸಿಗೆ ಜೆಆರ್‌ಎಫ್ ಪಡೆದೆ. ವಯಸ್ಸಿನ ಮಿತಿ 30, ಹೆಂಗಸರಿಗೆ ಐದು ವರ್ಷ ರಿಯಾಯಿತಿ ಇದೆ. ಪಿಎಚ್‌ಡಿ ಅವಧಿಯಲ್ಲಿ 240 ದಿನ ಹೆರಿಗೆ ಮತ್ತು ಮಕ್ಕಳ ಆರೈಕೆಯ ರಜೆ ತೆಗೆದುಕೊಳ್ಳಬಹುದು, ಮುಗಿಸಲು ಎರಡು ವರ್ಷ ಹೆಚ್ಚುವರಿ ಸಿಗುತ್ತೆ. ನಿಮ್ಮ ಅಮ್ಮನಿಗೆ ಇದನ್ನೂ ಓದಿ ಹೇಳಿ. ಮದುವೆ ಆದರೆ ಓದು ನಿಂತಿತು ಅಂತ ಅವರು ಹೆದರಿರಬಹುದು.

ಮತ್ತೆ, ಡಿಸೆಂಬರ್‌ನಲ್ಲಿ ನೆಟ್ ಮತ್ತೆ ಬರೆಯಿರಿ. ಈಗ ಬಂದಿರುವ ಅಂಕ ಪಿಎಚ್‌ಡಿ ಪ್ರವೇಶಕ್ಕೆ ಒಂದು ವರ್ಷ ನಡೆಯುತ್ತೆ. 70 ಭಾಗ ಆ ಅಂಕಕ್ಕೆ, 30 ಭಾಗ ಸಂದರ್ಶನಕ್ಕೆ. ಹಾಗಾಗಿ ಕೂತು ಕಾಯಬೇಡಿ, ಎರಡೂ ಜೊತೆಗೆ ನಡೆಯಲಿ.

ಬೆಳ್ಳಂದೂರು ನಿವಾಸಿ

ಕೋಡಿಹಳ್ಳದವರ ಮಾತು ಓದಿ ನನ್ನ ಸಲಹೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ತಂಗಿ. ನಮ್ಮ ಬಚ್ಚಲಿನ ನೀರೇ ಅವರ ತೋಟಕ್ಕೆ ಹೋಗುತ್ತಿರುವುದು. ಈ ದಾರದ ಆ ತುದಿ ನೀವು ಹಿಡಿದುಕೊಳ್ಳಿ. ಈ ತುದಿಯಲ್ಲಿ, ಶುದ್ಧೀಕರಣ ಘಟಕದಿಂದ ಹೊರಬರುವ ನೀರಿನ ಲೆಕ್ಕ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಲು ನಮ್ಮ ಗುಂಪು ಇದೆ.

ರಾಗಿಹೊಲ

ಐದು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ವಾ.

ಮೂವರು ಗೈಡ್‌ಗಳಿಗೆ ಬರೆದೆ. ಒಬ್ಬರು ಉತ್ತರ ಕೊಡಲಿಲ್ಲ. ಒಬ್ಬರು ಸೀಟು ಇಲ್ಲ ಅಂದರು. ಮೂರನೆಯವರು ಕರೆದರು. ನಾನು ಬರೆದುಕೊಂಡು ಹೋಗಿದ್ದ ಎರಡು ಪುಟ ಓದಿ, ಮೂರನೇ ಪ್ರಶ್ನೆಯ ಕೆಳಗೆ ಗೆರೆ ಎಳೆದರು. ಲೋಹದ ಮೇಲೆ ಬರೆಯುವವರು ಬಹಳ ಜನ ಇದ್ದಾರೆ, ನೀರು ನಿಂತರೆ ಏನು ಅಂತ ಕೇಳುವವರು ಕಡಿಮೆ ಅಂದರು. ಸದ್ಯಕ್ಕೆ ಅವರ ಪ್ರಾಜೆಕ್ಟ್‌ನಲ್ಲಿ ಒಂದು ವರ್ಷದ ಕೆಲಸ. ಡಿಸೆಂಬರ್‌ಗೆ ನೆಟ್, ಫೆಬ್ರವರಿಗೆ ಗೇಟ್. ಕಂಪನಿಗೆ ಬರುವುದಿಲ್ಲ ಅಂತ ಹೇಳಿಬಿಟ್ಟೆ. ಅಮ್ಮ ಒಪ್ಪಿದ್ದಾರೆ. ಪೂರ್ತಿ ಅಲ್ಲ, ಒಂದು ವರ್ಷದ ಮಟ್ಟಿಗೆ.

ಸ್ಯಾಂಪಲ್ ತೆಗೆಯುವುದನ್ನು ಲ್ಯಾಬ್‌ನ ಅಕ್ಕ ಒಬ್ಬರು ಕಲಿಸುತ್ತಿದ್ದಾರೆ. ಲೋಹಕ್ಕೆ ತೆಗೆದ ನೀರಿಗೆ ಸ್ವಲ್ಪ ನೈಟ್ರಿಕ್ ಆಸಿಡ್ ಹಾಕಬೇಕು, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೇ ಅಂಟಿಕೊಳ್ಳುತ್ತೆ ಅಂತ ಮೊದಲ ದಿನವೇ ಹೇಳಿಕೊಟ್ಟರು.

ಗೈಡ್ ಮೊದಲು ಕೊಟ್ಟ ಕೆಲಸ ಸುಲಭದ್ದು. ಹದಿನೈದು ದಿನಕ್ಕೊಮ್ಮೆ ತೆರೆದ ಬಾವಿಗಳ ನೀರಿನ ಮಟ್ಟ ಅಳೆದು ಬರೆಯುವುದು. ಕಳೆದ ಭಾನುವಾರ ನಮ್ಮ ಬಾವಿಯಿಂದಲೇ ಶುರು ಮಾಡಿದೆ. ಅಪ್ಪ ಟೇಪಿನ ತುದಿಗೆ ಕಲ್ಲು ಕಟ್ಟಿ ಇಳಿಸಿಕೊಟ್ಟರು. ಕಟ್ಟೆಯಿಂದ 31 ಅಡಿ. ಅಪ್ಪನೇ ನನ್ನ ಪುಸ್ತಕದಲ್ಲಿ ತಾರೀಕು ಹಾಕಿ ಬರೆದರು. ಹತ್ತು ಬಾವಿ ಬೇಕು, ನಾಲ್ಕು ಸಿಕ್ಕಿವೆ.

ಕೋಡಿಹಳ್ಳ

ನಮ್ಮದೂ ಸೇರಿಸಿಕೋ ಅಮ್ಮಾ. ಕೆರೆ ಏರಿ ಪಕ್ಕದ್ದು ಒಂದು, ಹುಣಸೆಮರದ ಕೆಳಗಿನದ್ದು ಒಂದು. ಎರಡನೆಯದಕ್ಕೆ ಕಟ್ಟೆ ಇಲ್ಲ, ನೀನು ಬರುವ ಮುಂಚೆ ಫೋನ್ ಮಾಡು, ಮಗನನ್ನು ಕಳಿಸುತ್ತೇನೆ.